ಜಾಂಬವ್ವನ ಕಡೇ ದನಿ

ದೀಪ ಹಚ್ಚೋ ಹೊತ್ತಾಯ್ತು ಅಂದ್ರೆ ನಮ್ಮೂರ ಕೆರೆಬೀದೀಲಿ ಮನೆಮನೆಯ ಮಿಕ್ಸಿಗಳೂ ಒಟ್ಟಿಗೇ ಶುರುವಾಗ್ತವೆ. ಹೊಸಬರು ಯಾರಾದ್ರೂ ಆ ಹೊತ್ತಿಗೆ ಬಂದ್ರೆ, ಇದೇನಪ್ಪ, ಇವರೆಲ್ಲ ರಾತ್ರಿಗೆ ಬರೀ ಚಟ್ನೀನೇ ತಿಂತಾರಾ ಅಂದ್ಕೋಬೇಕು. ಅರೆಯೋಕೆ ಏನೂ ಇಲ್ಲದವರು ಜಾರಿಗೆ ಒಂದು ಹಿಡಿ ಅಕ್ಕಿ ಹಾಕಿ ತಿರುಗಿಸ್ತಾರೆ. ಕರೆಂಟು ಹೋದ ದಿನ ತಟ್ಟೆ ಬಡೀತಾರೆ, ಮಕ್ಕಳ ಕೈಲಿ ಮಗ್ಗಿ ಕೂಗಿಸ್ತಾರೆ. ಆ ಬೀದೀಲಿ ಹೆಣ್ಣು ನೋಡೋಕೆ ಸಂಜೆ ಹೊತ್ತು ಯಾರನ್ನೂ ಕರೆಯೋದಿಲ್ಲ. ಯಾಕಂದ್ರೆ ಬೀದಿಯ ತುದೀಲಿ ಜೂ ಇದೆ, ಜೂನಲ್ಲಿ ಗಾಜಿನ ಮನೆ ಇದೆ, ಅದರ ಹಿಂದಿನ ಕೋಣೇಲಿ ಒಂದು ಜಿಂಕೆ ನಿಂತಿದೆ. ದೀಪ ಹಚ್ಚೋ ಹೊತ್ತಿಗೆ ಅದು ಕಿರುಚುತ್ತೆ.

ಆ ಜಿಂಕೆ ಸತ್ತಿದ್ದು ನನ್ನ ಮದುವೆಗೂ ಮುಂಚೆ. ಬೀದಿನಾಯಿಗಳು ಬೇಲಿ ನುಗ್ಗಿ ಬಂದು ಹಿಡಿದಾಗ ಅದು ಕಿರುಚಿದ್ದೇ ಅದರ ಕಡೇ ದನಿ. ನಮ್ಮೂರಲ್ಲಿ ಹಾಗೇ. ಸತ್ತ ಪ್ರಾಣಿಯ ತೊಗಲು ಬಿಡಿಸಿ, ಹದ ಮಾಡಿ, ಒಳಗೆ ಹುಲ್ಲು ತುಂಬಿ, ಹೊಲಿದು ನಿಲ್ಲಿಸಿದ್ರೆ, ಬದುಕಿದ್ದಾಗ ಕೊನೇಸಲ ಅದು ಏನು ಸದ್ದು ಮಾಡಿತ್ತೋ ಆ ಸದ್ದನ್ನ ದಿನಾ ದೀಪ ಹಚ್ಚೋ ಹೊತ್ತಿಗೆ ಮಾಡುತ್ತೆ. ತೊಗಲು ಸಮೇತ ಹಾಗೇ ಮಣ್ಣಿಗೆ ಕೊಟ್ರೆ ಏನೂ ಇಲ್ಲ, ತಣ್ಣಗಿರುತ್ತೆ. ಆದ್ರೆ ಒಂದ್ಸಲ ಹೊಲಿಗೆ ಬಿತ್ತು ಅಂದ್ರೆ ಮುಗೀತು. ಆ ಜಿಂಕೇನ ಆಮೇಲೆ ಹೂತೂ ನೋಡಿದ್ರಂತೆ. ಮಣ್ಣಿನಡಿಯಿಂದ ಕಿರುಚೋದು ಇನ್ನೂ ಭಯವಾಗಿ, ಅಗೆದು ತಂದು ಮತ್ತೆ ಒಳಗೇ ನಿಲ್ಲಿಸಿದ್ರು. ಹಿಂದಿನ ಕೋಣೆಗೆ ಹಾಕಿ, ಗಾಜಿನ ಮನೆ ಕಡೆ ಬಾಗಿಲು ಮುಚ್ಚಿದ್ರು. ಈಗ ನೋಡೋಕೆ ಬರೋವರಿಗೆ ಅದು ಕೇಳೋದಿಲ್ಲ, ಕೆರೆಬೀದಿಯವರಿಗೆ ಮಾತ್ರ ಕೇಳುತ್ತೆ.

ಅದಾದಮೇಲೆ ಊರು ಹುಷಾರಾಯ್ತು. ಜನ ಮೆಚ್ಚಿದ ಪ್ರಾಣಿ ಇನ್ನು ಉಳಿಯೋದಿಲ್ಲ ಅಂತಾದ್ರೆ, ಅದರ ಕಡೇ ದನಿ ಚೆನ್ನಾಗಿರೋ ಹಾಗೆ ನೋಡ್ಕೊಳ್ಳೋದು ಜೂ ಸಮಿತಿಯವರ ಕೆಲಸ. ಅದಕ್ಕಿಷ್ಟವಾದ್ದು ತಿನ್ನಿಸ್ತಾರೆ, ಸಾಕಿದವರನ್ನ ಪಕ್ಕದಲ್ಲಿ ಕೂರಿಸ್ತಾರೆ. ಸಂತೋಷದ ಸದ್ದು ಹೊರಟ ತಕ್ಷಣ ಸಾಕಿದವರು ತಲೆ ಆಡಿಸ್ಬೇಕು, ಡಾಕ್ಟರು ಸೂಜಿ ಚುಚ್ಚಬೇಕು. ಆ ಮದ್ದು ಎಷ್ಟು ಚುರುಕು ಅಂದ್ರೆ ಮತ್ತೊಂದು ಸದ್ದಿಗೆ ಉಸಿರೇ ಇರೋದಿಲ್ಲ. ಹಾಗೆ ಮಾಡಿಯೇ ನಮಗೆ ಹುಲಿಯ ಆಕಳಿಕೆ ಸಿಕ್ಕಿದ್ದು, ನವಿಲಿನ ಕೇಕೆ ಸಿಕ್ಕಿದ್ದು. ಸಂಜೆಯಾದ್ರೆ ಜನ ಕಡಲೇಕಾಯಿ ಪೊಟ್ಟಣ ಹಿಡ್ಕೊಂಡು ಬಂದು ಗಾಜಿನ ಮುಂದೆ ನಿಲ್ತಾರೆ. ಹುಲಿ ಆಕಳಿಸಿದ್ರೆ ತಾವೂ ಆಕಳಿಸಿ ನಗ್ತಾ ಮನೆಗೆ ಹೋಗ್ತಾರೆ.

ನಾನು ದೇವೀರಮ್ಮ, ಕರಡಿ ನೋಡ್ಕೊಳ್ಳೋಳು. ಕರಡಿ ಅಂದ್ರೆ ಒಂದೇ, ಜಾಂಬವ್ವ. ಮರಿಯಾಗಿದ್ದಾಗ ಅವಳಮ್ಮನ್ನ ಯಾರೋ ಹೊಡೆದು ಹಾಕಿದ್ರು, ಅವಳನ್ನ ಗೋಣಿಚೀಲದಲ್ಲಿ ಸುತ್ತಿ ನನ್ನ ಮಡಿಲಿಗೆ ತಂದಿಟ್ರು. ಅವತ್ತಿಂದ ಊರಿಗೆಲ್ಲ ಅವಳೇ ಮುದ್ದು. ತಾಯಂದಿರು ಹಟ ಮಾಡೋ ಮಕ್ಕಳಿಗೆ ಜಾಂಬವ್ವನ್ನ ತೋರಿಸಿ ತುತ್ತು ಹಾಕ್ತಿದ್ರು, ಆ ಮಕ್ಕಳು ದೊಡ್ಡವರಾಗಿ ತಮ್ಮ ಮಕ್ಕಳನ್ನ ಕರ್ಕೊಂಡು ಬರ್ತಿದ್ರು. ಅವಳದ್ದೊಂದು ಅಭ್ಯಾಸ. ನಾನು ಬೆಳಿಗ್ಗೆ ಹೋಗಿ ಸರಳಿನ ಸಂದೀಲಿ ಕೈ ಕೊಟ್ರೆ, ನನ್ನ ಅಂಗೈ ಬಾಯಲ್ಲಿಟ್ಟು ಚೀಪ್ತಾ, ಕಣ್ಣು ಮುಚ್ಚಿ, ಗುಂಯ್ ಅಂತ ಒಂದು ಸದ್ದು ತೆಗೀತಿದ್ಳು. ಜೇನುಗೂಡಿಗೆ ಕಿವಿ ಕೊಟ್ಟ ಹಾಗಿರೋದು. ಆ ಸದ್ದು ನನ್ನ ಮೊಣಕೈವರೆಗೂ ಹತ್ತೋದು. ಮುಗಿದಮೇಲೆ ಕಣ್ಣು ಬಿಟ್ಟು ನನ್ನ ಮುಖ ನೋಡೋಳು, ಆಮೇಲೆ ಮೂತೀಲಿ ನನ್ನ ಕೈ ಆಚೆ ನೂಕಿ ಊಟ ಎಲ್ಲಿ ಅಂತ ಹುಡುಕೋಳು. ಬೇರೆ ಯಾರ ಕೈಗೂ ಅವಳು ಗುಂಯ್ ಅಂದಿದ್ದಿಲ್ಲ. ಬಿಂಕಗಿತ್ತಿ ಅಂತ ಎಲ್ಲರೂ ರೇಗಿಸ್ತಿದ್ರು, ನನಗೆ ಒಳಗೊಳಗೇ ಹೆಮ್ಮೆ.

ಈ ಸಲ ಚಳಿ ಮುಗಿಯೋ ಹೊತ್ತಿಗೆ ಅವಳ ಹೊಟ್ಟೇಲಿ ಗಡ್ಡೆ ಬೆಳೀತು. ನಮ್ಮ ಜೂ ಡಾಕ್ಟರು ಮುನೀರ್ ಸಾಹೇಬರು ಒಳ್ಳೇ ಮನುಷ್ಯ, ಮಾತು ಕಮ್ಮಿ. ಹೊಟ್ಟೆ ಮುಟ್ಟಿ ನೋಡಿ, "ಇನ್ನು ನೋವು ಮಾತ್ರ ಉಳಿದಿರೋದು ದೇವೀರಮ್ಮ" ಅಂದ್ರು. ಅವಳು ಗುಂಯ್ ಅನ್ನೋದು ಬಿಟ್ಟು ನರಳೋಕೆ ಶುರುಮಾಡಿದ್ಳು. ಆ ನರಳಾಟ ಕೇಳಿ ಊರಿಗೆ ಊರೇ ಗಾಬರಿಯಾಯ್ತು. ಅವಳ ಮೇಲಿನ ಪ್ರೀತಿಗೆ ಅರ್ಧ, ಅದೇ ಕಡೇ ದನಿಯಾಗಿಬಿಟ್ರೆ ಅನ್ನೋ ಭಯಕ್ಕೆ ಅರ್ಧ.

ಸಮಿತಿಯವರು ಜೂನ ಅಂಗಳದಲ್ಲೇ ಸಭೆ ಕರೆದ್ರು. ಅಧ್ಯಕ್ಷರು ಪರಮಶಿವಯ್ಯ, ಬಿಳೀ ಪಂಚೆಯ ಮೆದು ಮಾತಿನ ಮನುಷ್ಯ. "ನನ್ನ ಮಗಳು ಬಾಯಿ ಬಿಟ್ಟು ಆಡಿದ ಮೊದಲ ಮಾತೇ ಕರಡಿ ಅಂತ" ಅಂದ್ರು. "ಜಾಂಬವ್ವ ಇಲ್ಲದ ಊರಲ್ಲಿ ನನ್ನ ಮೊಮ್ಮಕ್ಕಳು ಬೆಳೆಯೋದು ಬೇಡ. ಅವಳು ಗಾಜಿನ ಮನೇಲಿ ನಿಂತಿರಲಿ, ದಿನಾ ಸಂಜೆ ಗುಂಯ್ ಅನ್ಲಿ." ಎಲ್ಲರೂ ಹೌದು ಹೌದು ಅಂದ್ರು. ನಾನು ಎದ್ದು ನಿಂತೆ. ಹಲಸಿನ ಮರದ ಕೆಳಗೆ ಅವಳು ದಿನಾ ಬೆನ್ನು ಉಜ್ಕೊಳ್ಳೋ ಜಾಗ ಇದೆ, ಅಲ್ಲೇ ಮಣ್ಣು ಮಾಡೋಣ, ತೊಗಲು ಅವಳದ್ದೇ, ಅವಳೇ ತಗೊಂಡು ಹೋಗ್ಲಿ ಅಂದೆ. ಹಿಂದಿನ ಸಾಲಲ್ಲಿ ಕೂತಿದ್ದ ಕೆರೆಬೀದಿಯ ಗಂಗಹನುಮಕ್ಕ ಒಬ್ರೇ ನನ್ನ ಕಡೆ ತಲೆದೂಗಿದ್ದು. ಅವರ ಮನೆ ಗೋಡೆಗೂ ಜಿಂಕೆ ಕೋಣೆ ಗೋಡೆಗೂ ಮಧ್ಯೆ ಒಂದು ಆಳು ಹಾಯೋಷ್ಟೇ ಜಾಗ.

ಪರಮಶಿವಯ್ಯನವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ರೆ ನನಗೂ ಬಾಯಿ ಬರ್ತಿತ್ತು. ಹತ್ತಿರ ಬಂದು, "ದೇವೀರಮ್ಮ, ಆ ಗುಂಯ್ ನಿಮಗೆ ಬೇಡ್ವಾ? ನಾಳೆಯಿಂದ ನಿಮ್ಮ ಕೈ ಖಾಲಿ. ಸಂಜೆ ಬಂದು ಒಂದ್ಸಲ ಕೇಳಿಸ್ಕೊಂಡು ಹೋಗ್ಬೋದಲ್ಲ" ಅಂದ್ರು. ಆಸೆ ಯಾರನ್ನ ಬಿಟ್ಟಿದೆ ಹೇಳಿ. ಬೇಡ ಅನ್ನೋಕೆ ನನ್ನ ನಾಲಿಗೆ ಏಳಲಿಲ್ಲ, ಸುಮ್ಮನೆ ಕೂತೆ. ಸುಮ್ಮನೆ ಕೂತಿದ್ದನ್ನೇ ಒಪ್ಪಿಗೆ ಅಂತ ತಗೊಂಡ್ರು.

ಮಾರನೇ ಬೆಳಿಗ್ಗೆ ಸೂಜಿ ಅಂತ ಗೊತ್ತು ಮಾಡಿದ್ರು. ಗಿಣಿಗಳ ಪಂಜರಕ್ಕೆ ಕಂಬಳಿ ಹೊದಿಸಿದ್ರು. ಗೇಟಿನ ಹತ್ತಿರ ಸೌತೆಕಾಯಿ ಮಾರೋವರಿಗೂ ಕೂಗಬೇಡಿ ಅಂದಿದ್ರು. ಕರಡಿ ಮನೆಯ ಗೋಡೆಯಾಚೆ ಪರಮಶಿವಯ್ಯ, ಸಮಿತಿಯವರು, ಅವರ ಹಿಂದೆ ಊರು, ಎಲ್ಲರೂ ಚಪ್ಪಲಿ ಕಳಚಿ ನಿಂತಿದ್ರು. ಅವರಿಗೆ ಕೇಳುತ್ತೆ, ಆದ್ರೆ ಕಾಣೋದಿಲ್ಲ. ಜನರ ಮುಖ ಕಂಡ್ರೆ ಪ್ರಾಣಿ ಗಾಬರಿಯಾದೀತು ಅಂತ ಮೊದಲಿಂದ್ಲೂ ಹಾಗೇ ಪದ್ಧತಿ. ಒಳಗೆ ನಾವಿಬ್ರೇ, ನಾನು ಮತ್ತು ಡಾಕ್ಟರು. ಅವರು ಜಾಂಬವ್ವನ ಸೊಂಟದ ಹತ್ತಿರ ಮಂಡಿಯೂರಿ, ಸರಳಿನ ಸಂದೀಲಿ ಒಂದು ಕೈ ಅವಳ ಪಕ್ಕೆಲುಬಿನ ಮೇಲಿಟ್ಟು, ಇನ್ನೊಂದರಲ್ಲಿ ಸೂಜಿ ಹಿಡಿದಿದ್ರು. "ತಲೆ ಆಡಿಸಿದ್ರೆ ಸಾಕು. ಬಾಯಿ ಬಿಡ್ಬೇಡಿ" ಅಂತ ಪಿಸುಗುಟ್ಟಿದ್ರು.

ನಾನು ಅಂಗೈಗೆ ಜೋನಿಬೆಲ್ಲ ಸವರಿ ಸರಳಿನ ಸಂದೀಲಿ ಕೊಟ್ಟೆ. ಅವಳು ಮೂಸಿದ್ಳು, ಮುಖ ತಿರುಗಿಸಿದ್ಳು. ಹೊಟ್ಟೆಯೊಳಗೆ ನೋವು ಎದ್ದಿದ್ದು ನನಗೆ ಅವಳ ಕಿವೀಲಿ ಕಾಣಿಸ್ತು, ನೋವು ಬಂದಾಗ ಕಿವಿ ಹಿಂದಕ್ಕೆ ಹೋಗುತ್ತೆ. ಈಗ ನರಳ್ತಾಳೆ, ಡಾಕ್ಟರು ಬೆದರಿ ಚುಚ್ಚಿಬಿಟ್ರೆ ನರಳಾಟವೇ ಶಾಶ್ವತ ಅಂತ ನನಗೆ ಬೆವರು ಕಿತ್ಕೊಂಡ್ತು. ಗೋಡೆಯಾಚೆ ಯಾರೋ ಕೆಮ್ಮು ನುಂಗಿದ ಸದ್ದು. ನಾನು ಬೆಲ್ಲಾನ ಸೆರಗಿಗೆ ಒರೆಸಿ, ಬರೀ ಕೈ ಕೊಟ್ಟು, ಸರಳಿಗೆ ಮುಖ ಒತ್ತಿ, ಬಾರವ್ವ ಅಂತ ಮನಸ್ಸಲ್ಲೇ ಅಂದೆ. ಅವಳು ತಲೆ ಎತ್ತಲಾರದೆ ಎತ್ತಿ, ನನ್ನ ಅಂಗೈ ಬಾಯೊಳಗೆ ತಗೊಂಡ್ಳು. ಹಲ್ಲು ತಾಗ್ತು, ಬಿಸಿ ಉಸಿರು ತಾಗ್ತು. ಮೊದಲು ಮುರಿದು ಮುರಿದು ಬಂತು, ನರಳಾಟವೋ ಗುಂಯ್ಯೋ ಗೊತ್ತಾಗದ ಹಾಗೆ. ಆಮೇಲೆ ಕೂಡ್ಕೊಂಡ್ತು. ಅಷ್ಟು ನೋವಿನ ಮಧ್ಯೆ ನನ್ನ ಜಾಂಬವ್ವ ಕಣ್ಣು ಮುಚ್ಚಿ ಗುಂಯ್ ಅಂದ್ಳು. ನನ್ನ ಮೊಣಕೈ ಜುಮ್ ಅಂತು. ಅವಳಿಗೆ ಇನ್ನು ನೋವು ಬೇಡ ಅಂತ ನಾನು ತಲೆ ಆಡಿಸ್ದೆ.

ಡಾಕ್ಟರು ಚುಚ್ಚಿದ್ರು, ಸದ್ದು ಅರ್ಧಕ್ಕೆ ನಿಂತಿತು. ಅವಳ ತಲೆ ನನ್ನ ಕೈ ಮೇಲೆ ಭಾರ ಬಿತ್ತು. ಗೋಡೆಯಾಚೆ ಜನ ಒಬ್ಬರನ್ನೊಬ್ಬರು ತಬ್ಬಿ ಅಳ್ತಾ, "ಸಿಕ್ತು, ಸಿಕ್ತು" ಅಂತಿದ್ರು. ಕಳೆದುಹೋದ ಉಂಗುರ ಸಿಕ್ಕಿದೋರ ಹಾಗೆ. ನನ್ನ ಮೈ ಉರಿದುಹೋಯ್ತು.

ತೊಗಲು ಬಿಡಿಸೋ ಕೆಂಚಾಚಾರಿ ಪಕ್ಕದೂರಿಂದ ಬರೋದು ಮಾರನೇ ದಿನ. ಅಲ್ಲೀವರೆಗೆ ಅವಳನ್ನ ಐಸಿನ ಮೇಲೆ ಮಲಗಿಸಿದ್ರು. ಸಂಜೆ ಮನೆಗೆ ಹೋಗೋ ಮನಸ್ಸಾಗದೆ ನಾನು ಗಾಜಿನ ಮನೆಗೆ ಹೋದೆ. ಹುಲಿಯ ಪಕ್ಕದಲ್ಲಿ ಅವಳಿಗೆ ಅಂತ ಹೊಸ ಕಟ್ಟೆ ಕಟ್ಟಿದ್ರು, ಸಿಮೆಂಟು ಇನ್ನೂ ಹಸಿ. ಅಲ್ಲಿ ಹುಲಿ ನೋಡ್ಕೊಳ್ತಿದ್ದ ಚಿಕ್ಕಬೋರಯ್ಯ ಕೂತಿದ್ದ, ದಿನಾ ಕೂರ್ತಾನೆ. ಹುಲಿಗೆ ತಲೆ ಆಡಿಸಿದ್ದು ಅವನೇ. ದೀಪ ಹತ್ತಿತು, ಹುಲಿ ಬಾಯಿ ತೆರೆಯದೇ ಆಕಳಿಕೆಯ ಸದ್ದು ಹೊರಟಿತು, ಜನ ನಕ್ರು. ಚಿಕ್ಕಬೋರಯ್ಯ ಮಾತ್ರ ಹುಲಿಯ ಗಾಜಿನ ಕಣ್ಣನ್ನೇ ನೋಡ್ತಿದ್ದ, ಏನೋ ಕಾಯೋನ ಹಾಗೆ.

"ಏನಣ್ಣ ಕಾಯ್ತಿದ್ದೀಯ?" ಅಂದೆ.

"ಆಕಳಿಸಿ ಆದ್ಮೇಲೆ ನನ್ನ ಕಡೆ ತಿರುಗಿ ನೋಡೋನು ತಾಯಿ, ಯಾವಾಗ್ಲೂ. ಆಕಳಿಕೆ ದಿನಾ ಬರುತ್ತೆ, ಆ ನೋಟ ಬರೋದಿಲ್ಲ. ಬರೋದಿಲ್ಲ ಅಂತ ಗೊತ್ತು, ಆದ್ರೂ ಬಂದು ಕೂರ್ತೀನಿ. ಮಗಳ ಊರಿಗೆ ಹೋಗೋಣ ಅಂದ್ರೂ ಇವನು ಆಕಳಿಸಿ ಸುಮ್ಮನಾದ್ರೆ ಎದುರಿಗೆ ಯಾರಿರ್ತಾರೆ ಅಂತ ಹೋಗೋಕಾಗೋದಿಲ್ಲ." ಇಷ್ಟು ಹೇಳಿ ಟವಲ್ಲಿನಿಂದ ಮುಖ ಒರೆಸ್ಕೊಂಡು ಎದ್ದ.

ಅವತ್ತು ಮನೇಲಿ ನನಗೆ ಅನ್ನ ಇಳೀಲಿಲ್ಲ. ಗುಂಯ್ ಅಂದಾದ್ಮೇಲೆ ಜಾಂಬವ್ವ ಕಣ್ಣು ಬಿಡ್ಬೇಕು, ನನ್ನ ಮುಖ ನೋಡ್ಬೇಕು, ಕೈ ನೂಕಿ ಊಟ ಹುಡುಕ್ಬೇಕು. ಅದೆಲ್ಲ ಸೇರಿ ಆ ಸದ್ದು. ಬರೀ ಸದ್ದನ್ನ ಕಿತ್ತು ಕಟ್ಟೆ ಮೇಲೆ ನಿಲ್ಲಿಸಿ, ಯಾರ್ಯಾರೋ ಕಡಲೇಕಾಯಿ ಸಿಪ್ಪೆ ಉದುರಿಸ್ತಾ ಕೇಳಿಸ್ಕೊಳ್ಳೋದು, ಅವಳು ಯಾವ ಕೈಯೂ ಇಲ್ಲದೆ ದಿನಾ ಸಂಜೆ ನನ್ನನ್ನ ಕರೀತಾ ನಿಂತಿರೋದು. ನನ್ನಿಂದ ಆಗೋದಿಲ್ಲ ಅನ್ನಿಸ್ತು. ಆದ್ರೆ ಬೇಡ ಅಂತ ಹೋಗಿ ಹೇಳಿದ್ರೆ ಯಾರು ಕೇಳ್ತಾರೆ? ಇಷ್ಟು ಒಳ್ಳೇ ದನಿ ಯಾವ ಪ್ರಾಣಿಗೂ ಸಿಕ್ಕಿರಲಿಲ್ಲ. ಊರಿನವರು ಅವಳನ್ನ ಬಿಟ್ಟುಕೊಡಬೇಕು ಅಂದ್ರೆ ದನಿ ಒಳ್ಳೇದಲ್ಲ ಅನ್ನಿಸ್ಬೇಕು, ಬೇರೆ ದಾರಿ ಇರಲಿಲ್ಲ.

ಬೆಳಿಗ್ಗೆ ಹೋಗೋ ಹೊತ್ತಿಗೆ ಕೆಂಚಾಚಾರಿ ಕತ್ತಿ ಮಸೀತಿದ್ದ. ಊರಿನವರು ಹಾರ ತಂದು ಸಾಲಾಗಿ ನಿಂತಿದ್ರು, ಗಂಗಹನುಮಕ್ಕನೂ ಬಂದಿದ್ರು. ನಾನು ಹೋಗಿ ಜಾಂಬವ್ವನ ಮುಂದೆ ಅಡ್ಡ ನಿಂತೆ.

"ಆಚಾರ್ರೇ, ನಿಲ್ಲಿಸಿ. ನಿನ್ನೆ ನೀವೆಲ್ಲ ಕೇಳಿದ ಗುಂಯ್ ಇವಳದ್ದಲ್ಲ, ನನ್ನದು."

ಪರಮಶಿವಯ್ಯನವರು ಮುಂದೆ ಬಂದ್ರು. "ಏನಂತಿದ್ದೀರಿ ದೇವೀರಮ್ಮ?"

"ಅವಳು ಗುಂಯ್ ಅನ್ನಲಿಲ್ಲ ಸ್ವಾಮಿ. ಸಣ್ಣಗೆ ನರಳಿದ್ಳು. ಅವಳ ನೋವು ನೋಡೋಕಾಗದೆ ನಾನೇ ಬಾಯಿ ಮುಚ್ಚಿ ಗುಂಯ್ ಅಂದು ತಲೆ ಆಡಿಸ್ದೆ. ಹೊಲಿದು ನಿಲ್ಲಿಸಿದ್ರೆ ಬರೋದು ನರಳಾಟ."

ಯಾರೋ ಥೂ ಅಂದ್ರು. ಯಾರೋ, "ಸುಳ್ಳು, ಇವಳಿಗೆ ಮೊದಲಿಂದ್ಲೂ ಇಷ್ಟ ಇರಲಿಲ್ಲ, ಅದಕ್ಕೇ ನಾಟಕ" ಅಂದ್ರು. ಪರಮಶಿವಯ್ಯನವರ ಮುಖ ಬಿಗೀತು. "ಮನುಷ್ಯರ ಗಂಟಲಿಗೆ ಅದು ಬರೋದಾ? ಬರೋದಾದ್ರೆ ಮಾಡಿ ತೋರಿಸಿ. ಇಲ್ಲೇ, ಈಗ್ಲೇ" ಅಂದ್ರು.

ಮನೇಲಿ ಅಕ್ಕಿ ಆರಿಸ್ತಾ ಕೂತಾಗ ನನಗೇ ಗೊತ್ತಿಲ್ಲದೆ ಆ ಸದ್ದು ಬರ್ತಿತ್ತು, ಅತ್ತೇಗೆ ಕರಡಿ ಹಿಡಿದಿದೆ ಅಂತ ಸೊಸೆ ನಗ್ತಿದ್ಳು. ಆದ್ರೆ ಅವತ್ತು ಊರೆಲ್ಲ ಕಣ್ಣುಬಿಟ್ಟು ನೋಡ್ತಿರೋವಾಗ, ಐಸಿನ ಮೇಲೆ ಅವಳು ಮಲಗಿರೋವಾಗ ಎಲ್ಲಿಂದ ಬರಬೇಕು? ಬಾಯಿ ಮುಚ್ಚಿ ಎಳೆದೆ. ಬರೀ ಗೊರಗೊರ ಅಂತು, ಕೆಮ್ಮು ಬಂತು. ಒಂದಿಬ್ಬರು ನಕ್ರು. ಕೆಂಚಾಚಾರಿ ಮತ್ತೆ ಕತ್ತಿ ಕೈಗೆ ತಗೊಂಡ. ಕಣ್ಣು ಮುಚ್ಚಿ, ನನ್ನ ಅಂಗೈಯನ್ನ ನಾನೇ ಬಾಯಿಗೆ ಒತ್ತಿ ಹಿಡಿದೆ. ಅವಳು ಮರಿಯಾಗಿದ್ದಾಗ ಮಡಿಲಲ್ಲಿ ಮಲಗಿ ಗುಂಯ್ ಅಂತಿದ್ದಿದ್ದು ಎದೇಲಿ ತಂದ್ಕೊಂಡೆ. ಬಂತು. ಕೆಳಗಿಂದ ಎದ್ದು ಮೂಗಿಗೆ ಹತ್ತಿ, ಎಲ್ಲಿ ಅವಳು ತಡೆದು ಉಸಿರು ಎಳ್ಕೊಳ್ತಿದ್ಳೋ ಅಲ್ಲಿ ತಡೆದು, ಮತ್ತೆ ಎದ್ದು ಬಂತು.

ಕಣ್ಣು ಬಿಟ್ಟಾಗ ಯಾರೂ ನಗ್ತಿರಲಿಲ್ಲ. ಸಮಿತಿಯ ಒಬ್ಬರು, "ಹತ್ತಿರ ಇದೆ, ಆದ್ರೆ ಅದೇ ಅಲ್ಲ" ಅಂದ್ರು. ಇನ್ನೊಬ್ಬರು ಅದೇ ಅಂದ್ರು. ಪರಮಶಿವಯ್ಯ ಡಾಕ್ಟರ ಕಡೆ ತಿರುಗಿದ್ರು. "ನೀವು ಪಕ್ಕದಲ್ಲೇ ಇದ್ರಲ್ಲ ಡಾಕ್ಟ್ರೇ. ಯಾರು ಗುಂಯ್ ಅಂದಿದ್ದು?"

ಅವರ ಕೈ ಅವಳ ಪಕ್ಕೆಲುಬಿನ ಮೇಲಿತ್ತು. ಆ ಸದ್ದು ನನ್ನ ಮೊಣಕೈಗೆ ಹತ್ತಿದ ಹಾಗೇ ಅವರ ಅಂಗೈಗೂ ಹತ್ತಿರಲೇಬೇಕು. ಅವರಿಗೆ ಗೊತ್ತಿತ್ತು. ಅವರಿಗೆ ಗೊತ್ತು ಅಂತ ನನಗೂ ಗೊತ್ತಿತ್ತು. ಮುನೀರ್ ಸಾಹೇಬರು ಕನ್ನಡಕ ತೆಗೆದು ಅಂಗಿಯ ತುದೀಲಿ ಒರೆಸಿದ್ರು, ಮತ್ತೆ ಹಾಕ್ಕೊಂಡ್ರು. ನನ್ನನ್ನ ನೋಡಲಿಲ್ಲ, ಐಸಿನ ಮೇಲಿದ್ದವಳನ್ನ ನೋಡಿದ್ರು.

"ನನ್ನ ಕಣ್ಣೆಲ್ಲ ಸೂಜಿ ಮೇಲಿತ್ತು. ಸದ್ದು ಕೇಳಿಸ್ತು. ಯಾರದ್ದು ಅಂತ ಆಣೆ ಮಾಡಿ ಹೇಳಲಾರೆ" ಅಂದ್ರು.

ಜನ ಗುಜುಗುಜು ಅಂದ್ರು. ಹೊಲಿದೇ ನೋಡೋಣ ಅನ್ನೋರು ಕೆಲವರು, ಬೇಡ ಅನ್ನೋರು ಕೆಲವರು. ಆಗ ಗಂಗಹನುಮಕ್ಕ ಕೈಯಲ್ಲಿದ್ದ ಹಾರ ಪಕ್ಕದವರಿಗೆ ಕೊಟ್ಟು ಮುಂದೆ ಬಂದ್ರು. "ಹೊಲಿದು ನೋಡೋಣ ಅಂತೀರಲ್ಲ, ಹೊಲಿದಮೇಲೆ ಏನು ನೋಡ್ತೀರಿ? ಒಂದು ಸಂಜೆ ನಮ್ಮನೆಗೆ ಬನ್ನಿ. ಮಿಕ್ಸಿ ಹಾಕೋದಿಲ್ಲ, ತಟ್ಟೆ ಬಡಿಯೋದಿಲ್ಲ. ಸುಮ್ಮನೆ ಕೂತು ಆ ಜಿಂಕೆ ಕೂಗನ್ನ ಪೂರ್ತಿ ಕೇಳಿ. ನಾನು ಆ ಮನೇಲಿ ಮೂರು ಹೆತ್ತಿದ್ದೀನಿ, ಮೂರೂ ಆ ಕೂಗಿಗೆ ಬೆಚ್ಚಿ ಬೆಚ್ಚಿ ಬೆಳೆದವು. ಎಳ್ಳಷ್ಟು ಅನುಮಾನ ಇದ್ರೂ ಹೊಲೀಬೇಡಿ" ಅಂದ್ರು. ದನಿ ಏರಿಸಲಿಲ್ಲ. ಅವರ ಹಿಂದೆ ಕೆರೆಬೀದಿಯವರು ಒಬ್ಬೊಬ್ಬರೇ ಬಂದು ನಿಂತ್ರು.

ಪರಮಶಿವಯ್ಯ ಜಾಂಬವ್ವನ ಮೂತಿ ನೋಡಿದ್ರು. ಆಮೇಲೆ ಬೇಡ ಅಂತ ಕೈ ಬೀಸಿದ್ರು. ಕೆಂಚಾಚಾರಿ ಕತ್ತಿಗೆ ಬಟ್ಟೆ ಸುತ್ತಿದ. ಮಧ್ಯಾಹ್ನದ ಹೊತ್ತಿಗೆ ಹಲಸಿನ ಮರದ ಕೆಳಗೆ ಗುಂಡಿ ತೋಡಿ, ತೊಗಲು ಸಮೇತ ನನ್ನ ಜಾಂಬವ್ವನ್ನ ಮಲಗಿಸಿದ್ವಿ. ದೀಪ ಹಚ್ಚೋ ಹೊತ್ತಿಗೆ ನಾನೊಬ್ಬಳೇ ಅಲ್ಲಿ ಹೋಗಿ ನಿಂತೆ. ಏನೂ ಕೇಳಿಸಲಿಲ್ಲ. ನೆಲಕ್ಕೆ ಕೂತು ಮನಸಾರೆ ಅತ್ತೆ.

ನನ್ನನ್ನ ಕರಡಿ ಮನೆಯಿಂದ ತೆಗೆದು ಹುಲ್ಲು ಕತ್ತರಿಸೋ ಕಡೆಗೆ ಹಾಕಿದ್ರು. ಊರಿಗೆ ದ್ರೋಹ ಮಾಡಿದ್ರಿ ಅಂತ ಪರಮಶಿವಯ್ಯ ಎದುರಿಗೇ ಅಂದ್ರು. ಅಂಗಡಿಯಲ್ಲಿ ಜನ ನನ್ನ ಕಂಡ್ರೆ ಮಾತು ನಿಲ್ಲಿಸ್ತಾರೆ. ಅದೆಲ್ಲ ನನಗೆ ಲೆಕ್ಕಕ್ಕಿಲ್ಲ, ಬೈಸ್ಕೊಂಡು ಅಭ್ಯಾಸ ಇದೆ. ಮೊನ್ನೆ ಗಂಗಹನುಮಕ್ಕ ದಾರೀಲಿ ಸಿಕ್ಕಿ, ನನ್ನ ಕೈ ಹಿಡ್ಕೊಂಡು, ಬೇಲಿ ಪಕ್ಕಕ್ಕೆ ಕರ್ಕೊಂಡು ಹೋದ್ರು.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮೊಮ್ಮಗಳು ಸರಿಯಾಗಿ ಊಟ ಮಾಡ್ತಿಲ್ಲ, ಅದನ್ನೇ ಕೇಳ್ತಾಳೆ. ನನಗೂ ನಿದ್ದೆ ಇಲ್ಲ. ಜಾಂಬವ್ವ ಕೊನೇಲಿ ತುಂಬಾ ನರಳಿದ್ಳಾ?"

ಇಲ್ಲ ಅಕ್ಕ, ನನ್ನ ಕೈ ಬಾಯಲ್ಲಿಟ್ಕೊಂಡು, ಕಣ್ಣು ಮುಚ್ಚಿ, ಸುಖವಾಗಿ ಹೋದ್ಳು. ಅಷ್ಟೂ ಮಾತು ಗಂಟಲವರೆಗೆ ಬಂತು. ಹೇಳಿದ್ರೆ ಆ ಮಗು ಉಣ್ಣುತ್ತೆ, ಇವರು ನಿದ್ದೆ ಮಾಡ್ತಾರೆ, ನನ್ನ ಎದೆಯ ಭಾರವೂ ಇಳಿಯುತ್ತೆ. ಆದ್ರೆ ಹಲಸಿನ ಮರದ ಕೆಳಗೆ ಮಣ್ಣು ಇನ್ನೂ ಸಡಿಲ ಇತ್ತು. ಈ ಮಾತು ಹಬ್ಬಿದ್ರೆ ಊರಲ್ಲಿ ಗುದ್ದಲಿಗೇನು ಬರ.

"ಹೂಂ ಅಕ್ಕ, ತುಂಬಾ ನರಳಿದ್ಳು" ಅಂದೆ.